ಕ್ಯಾಸೆಟ್ ಕೇಳಿದವರು, ಕೇಳಿ ಹೇಳಿದವರು



"ಡಾಕ್ಟ್ರೇ, ಈ ಸಲ ಬಿ.ಪಿ., ಶುಗರ್ ಬೇಡ, ಏನಾದರೂ ಇತಿಹಾಸ ಬರೆದುಕೊಡಿ" ಎಂದು ನಮ್ಮ ಸಂಪಾದಕರು ಅಪ್ಪಣೆ ಕೊಡಿಸಿದ್ದಾರೆ. ಮಸ್ಕತ್ತಿಗೂ ನಮ್ಮ ನಾಡಿಗೂ ಇರುವ ಇತಿಹಾಸ ಎಂದ ಕೂಡಲೇ ಎಲ್ಲರೂ ಹದಿನೆಂಟನೆಯ ಶತಮಾನಕ್ಕೆ ಓಡುತ್ತಾರೆ. ಮಂಗಳೂರಿನ ಅಕ್ಕಿ ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು, ಟಿಪ್ಪು ಸುಲ್ತಾನ ಇಲ್ಲೊಂದು ವ್ಯಾಪಾರದ ಕೋಠಿ ಇಟ್ಟಿದ್ದ, ಹೀಗೆ. ಎಲ್ಲವೂ ನಿಜ, ಎಲ್ಲವೂ ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದು. ನಾನು ಬರೆಯಹೊರಟಿರುವುದು ಅಷ್ಟು ಹಳೆಯದೂ ಅಲ್ಲ, ಅಷ್ಟು ದೊಡ್ಡದೂ ಅಲ್ಲ. ಊರಿನಿಂದ ಹೊಸ ಕ್ಯಾಸೆಟ್ ಬಂದಾಗ ನಾಲ್ಕು ಮನೆಯವರು ಒಟ್ಟಿಗೆ ಕೂತು ಕೇಳಿ, "ಅದ್ಭುತ" ಎಂದು ಒಬ್ಬರು, "ಏನೂ ಸಾಲದು" ಎಂದು ಇನ್ನೊಬ್ಬರು ರಾತ್ರಿ ಹನ್ನೊಂದರವರೆಗೆ ವಾದ ಮಾಡುತ್ತಿದ್ದರಲ್ಲ, ಆ ಪದ್ಧತಿಯ ವಿಚಾರ.

ಹಾಡಿದವರ ಚರಿತ್ರೆ ಹೇಗೋ ಉಳಿದುಕೊಳ್ಳುತ್ತದೆ. ಪ್ರಶಸ್ತಿ ಬರುತ್ತದೆ, ಅಭಿನಂದನ ಗ್ರಂಥ ಬರುತ್ತದೆ, ಬೀದಿಗೆ ಹೆಸರಿಡುತ್ತಾರೆ. ಕೇಳಿದವರು ಏನೆಂದರು ಎನ್ನುವುದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಅದರಲ್ಲೂ ಹೊರದೇಶದಲ್ಲಿ ಕೂತು ಕೇಳಿದವರ ಮಾತು ಊರಿನ ಪತ್ರಿಕೆಗೂ ತಲುಪಲಿಲ್ಲ, ಇಲ್ಲಿನ ಪತ್ರಿಕೆಗೂ ಬೇಕಿರಲಿಲ್ಲ.

ಸಮುದ್ರದ ಆಚೆ ಈಚೆ ಹಾಡು ಓಡಾಡುವುದು ನಮ್ಮಿಂದಲೇ ಶುರುವಾಯಿತು ಎಂಬ ಜಂಬ ಬೇಡ. ನಮಗಿಂತ ಮೊದಲು ಅದನ್ನು ಮಾಡಿದವರು ಒಮಾನಿಗಳೇ. ಸೂರ್ ಪಟ್ಟಣದ ಸಾಲಿಂ ರಾಶಿದ್ ಸೂರಿ ಎಂಬಾತ ಹಡಗಿನಲ್ಲಿ ದುಡಿಯುತ್ತ, ಊದ್ ನುಡಿಸಿ ಹಾಡುತ್ತ ಬೊಂಬಾಯಿಗೆ ಹೋದರು. ಅಲ್ಲಿ 1930ರ ದಶಕದಲ್ಲಿ ಎಚ್.ಎಂ.ವಿ. ಕಂಪೆನಿಗೆ ಹಾಡಿದರು. ಬೊಂಬಾಯಿಯಲ್ಲಿ ಮುದ್ರಣವಾದ ಆತನ ದನಿ ಗ್ರಾಮಫೋನ್ ತಟ್ಟೆಯಾಗಿ ಕೊಲ್ಲಿಯ ಬಂದರುಗಳಿಗೆ ವಾಪಸು ಬಂತು. 'ಹಾಡುವ ನಾವಿಕ' ಎಂದೇ ಅವರಿಗೆ ಹೆಸರು. ಆಮೇಲೆ ಬಹರೇನಿನಲ್ಲಿ ಸ್ವಂತ ರೆಕಾರ್ಡ್ ಕಂಪೆನಿಯನ್ನೂ ನಡೆಸಿದರು. ಸುಲ್ತಾನ್ ಖಾಬೂಸ್ 1970ರಲ್ಲಿ ಪಟ್ಟಕ್ಕೆ ಬಂದ ಮರುವರ್ಷ ಊರಿಗೆ ಮರಳಿ, 1979ರಲ್ಲಿ ತೀರಿಕೊಂಡರು. ಕೇಳಿದ್ದೀರೋ ಇಲ್ಲವೋ, ಆತನ ಹಾಡುಗಳಲ್ಲಿ ಹಿಂದುಸ್ತಾನಿ ಮಾತುಗಳೂ ನುಸುಳುತ್ತವೆ. ಸೂರಿನ ಕಟ್ಟೆಯ ಮೇಲೆ ಕೂತು ಹೊಸ ತಟ್ಟೆಯ ಬಗ್ಗೆ ಅವರವರು ಏನೆಂದು ಮಾತಾಡಿಕೊಂಡರೋ, ಅದನ್ನೂ ಯಾರೂ ಬರೆದಿಡಲಿಲ್ಲ.

ಆ ತಟ್ಟೆಗಳ ಒಂದು ಮಿತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಆಲಾಪನೆಯನ್ನೆಲ್ಲ ಮೂರೇ ನಿಮಿಷಕ್ಕೆ ಹಿಂಡಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿ ಮುಗಿಸಬೇಕಾಯಿತು. (ಆ ಮಹಾನ್ ಗಾಯಕಿ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು. ಮೈಸೂರಿನವರಿಗೇ ಇದು ಗೊತ್ತಿರುವುದಿಲ್ಲ.) ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು 'ಗಾಂಧಾರಿ' ಎಂಬ ಹೆಸರಿನಲ್ಲಿ ಕೊಟ್ಟ ತಟ್ಟೆಗಳಿಗೂ ಇದೇ ಅಳತೆ. ಕವಿಗಳ ಪದ್ಯಗಳನ್ನು ಮನೆಮನೆಗೆ ಮುಟ್ಟಿಸಿದ ಪಿ. ಕಾಳಿಂಗರಾಯರಿಗೂ ಇದೇ. ಮೂರು ನಿಮಿಷದ ತಟ್ಟೆ ಕೇಳಿದವನು ಒಂದು ಹಾಡಿನ ಬಗ್ಗೆ ಅಭಿಪ್ರಾಯ ಹೇಳಬಲ್ಲ, ಅಷ್ಟೆ.

ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಹೊರತಂದ ಕ್ಯಾಸೆಟ್ ಈ ಲೆಕ್ಕವನ್ನು ಬದಲಾಯಿಸಿತು. ಅರವತ್ತು ನಿಮಿಷದ ಟೇಪು, ಬದಿಗೆ ಅರ್ಧ ಗಂಟೆ. ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ, ಕೆಳಗೆ ಬಿದ್ದರೆ ಒಡೆಯುವುದಿಲ್ಲ, ಖಾಲಿ ಟೇಪಿದ್ದರೆ ಮನೆಯಲ್ಲೇ ಪ್ರತಿ ತೆಗೆಯಬಹುದು. ಎಲ್.ಪಿ. ತಟ್ಟೆಯಲ್ಲೂ ಜಾಗವಿತ್ತು ನಿಜ, ಆದರೆ ಅದನ್ನು ನುಡಿಸುವ ಯಂತ್ರ ಎಷ್ಟು ಮನೆಗಳಲ್ಲಿತ್ತು? ಟೂ-ಇನ್-ಒನ್ ಎಂಬ ರೇಡಿಯೋ-ಕ್ಯಾಸೆಟ್ ಪೆಟ್ಟಿಗೆಯನ್ನು ಎಪ್ಪತ್ತು-ಎಂಬತ್ತರ ದಶಕದಲ್ಲಿ ಭಾರತದ ಹಳ್ಳಿಹಳ್ಳಿಗೆ ಹೊತ್ತು ತಂದವರಲ್ಲಿ ಕೊಲ್ಲಿಯಲ್ಲಿ ದುಡಿಯುತ್ತಿದ್ದವರ ಪಾಲು ದೊಡ್ಡದು. ಉಡುಪಿ, ಭಟ್ಕಳ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಮೊದಲ ಟೇಪ್ ರೆಕಾರ್ಡರ್ ಎಂದರೆ 'ಮಸ್ಕತ್ತಿನ ಅಣ್ಣ ತಂದದ್ದು'. ಪೆಟ್ಟಿಗೆ ಇಲ್ಲಿಂದ ಅಲ್ಲಿಗೆ ಹೋಯಿತು. ಅದರೊಳಗೆ ಹಾಕುವ ಹಾಡು ಅಲ್ಲಿಂದ ಇಲ್ಲಿಗೆ ಬಂತು.

ಆ ಹಾಡುಗಳಲ್ಲಿ ಕನ್ನಡಕ್ಕೆ ಹೊಸ ದಾರಿ ತೆರೆದದ್ದು 1978ರಲ್ಲಿ ಬಂದ 'ನಿತ್ಯೋತ್ಸವ'. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸುತ್ತಾರೆ. ನಿಸಾರ್ ಅಹಮದರ ಕವನ, ಮೈಸೂರು ಅನಂತಸ್ವಾಮಿಯವರ ಸಂಗೀತ. ಇದರಲ್ಲಿ ವಿಶೇಷ ಏನೆಂದರೆ ಒಬ್ಬ ಕವಿ, ಒಬ್ಬ ಸಂಗೀತಗಾರ, ಒಂದು ಇಡೀ ಸುರುಳಿ. ಎಂಬತ್ತರ ದಶಕದಲ್ಲಿ ಅದೇ ಮಾದರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಸಿ. ಅಶ್ವಥ್ ಅವರ ಸಂಗೀತದಲ್ಲಿ ಬಂತು. ರತ್ನಮಾಲಾ ಪ್ರಕಾಶರ ದನಿ ಅಲ್ಲಿಂದ ಎಲ್ಲರಿಗೂ ಪರಿಚಯ. ಕರ್ನಾಟಕ ಸಂಗೀತದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಮಗಳಾದರೂ ಕಛೇರಿಯ ಠೀವಿಯನ್ನು ಪಕ್ಕಕ್ಕಿಟ್ಟು ಹೊಸ ಮದುಮಗಳ ಹಾಗೆ ಹಾಡಿದರು. ಪುಸ್ತಕವಾಗಿ 'ಮೈಸೂರು ಮಲ್ಲಿಗೆ' 1942ರಷ್ಟು ಹಳೆಯದು. ನಮ್ಮ ತಲೆಮಾರಿನ ಬಹಳ ಜನ ಅದನ್ನು ಓದಿದ್ದು ಕ್ಯಾಸೆಟ್ ಕೇಳಿದ ಮೇಲೆ. ಓದಿದರೂ ಮನಸ್ಸಿನಲ್ಲಿ ಓಡುವುದು ಅಶ್ವಥ್ ಅವರ ಧಾಟಿಯೇ! ಇದು ಲಾಭವೋ ನಷ್ಟವೋ ಎಂದು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಹಾಸ್ಟೆಲಿನಲ್ಲಿ ನಾವು ಜಗಳವಾಡಿದ್ದುಂಟು. ನನ್ನ ಮತ ಈಗಲೂ ಲಾಭದ ಕಡೆಗೇ.

ಇನ್ನೊಂದು ಸಂಗತಿಯನ್ನು ಗಮನಿಸಿ. ನಿಸಾರರು ಭೂವಿಜ್ಞಾನದ ಅಧ್ಯಾಪಕರು. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯಲ್ಲಿ ದುಡಿದವರು. ಅಶ್ವಥ್ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಶಿವಮೊಗ್ಗ ಸುಬ್ಬಣ್ಣ ವಕೀಲರು. ಹಗಲೆಲ್ಲ ಫೈಲು, ಯಂತ್ರ, ಕೋರ್ಟು ಎಂದು ಕಳೆದು ಸಂಜೆ ಹಾಡು ಕಟ್ಟಿದವರು ಇವರು. ಇಲ್ಲಿ ಕೇಳುತ್ತಿದ್ದವರೂ ಅದೇ ಜಾತಿ. ಬ್ಯಾಂಕಿನವರು, ಪೆಟ್ರೋಲಿಯಂ ಕಂಪೆನಿಯ ಇಂಜಿನಿಯರುಗಳು, ನರ್ಸುಗಳು, ಶಾಲೆಯ ಟೀಚರುಗಳು, ಕಟ್ಟಡದ ಮೇಸ್ತ್ರಿಗಳು. ಅದಕ್ಕೇ ಇರಬೇಕು, ಸಂಗೀತ ಕಲಿಯದವರೂ ಧೈರ್ಯವಾಗಿ ಬಾಯಿಬಿಟ್ಟರು.

ನಾನು ಐರ್ಲೆಂಡಿನಲ್ಲಿ ರೆಸಿಡೆನ್ಸಿ ಮುಗಿಸಿ ಒಮಾನಿಗೆ ಬಂದದ್ದು 1998ರಲ್ಲಿ, ಅಂದರೆ ಕ್ಯಾಸೆಟ್ಟಿನ ಸಂಜೆಗೆ. ಅದಕ್ಕೂ ಹಿಂದಿನದನ್ನು ನಮ್ಮ ಹಿರಿಯ ಸದಸ್ಯರ ಬಾಯಿಂದ ಕೇಳಿ ಬರೆಯುತ್ತಿದ್ದೇನೆ. ಆಗ ಸರ್ಕಾರಿ ರಜೆ ಗುರುವಾರ ಮತ್ತು ಶುಕ್ರವಾರ. ಅದು ಶುಕ್ರ-ಶನಿ ಆದದ್ದು 2013ರ ಮೇ ತಿಂಗಳಲ್ಲಿ. ಖಾಸಗಿ ಕಂಪೆನಿಯ ಬಹಳ ಜನರಿಗೆ ಶುಕ್ರವಾರ ಒಂದೇ ಬಿಡುವು. ಆದ್ದರಿಂದ ಎಲ್ಲರಿಗೂ ಒಗ್ಗುತ್ತಿದ್ದದ್ದು ಗುರುವಾರ ರಾತ್ರಿ. ರಜೆಗೆ ಊರಿಗೆ ಹೋದವರು ಬಂದರು ಎಂಬ ಸುದ್ದಿ ರೂವಿಯಲ್ಲಿ ಹಬ್ಬಿದರೆ ಸಾಕು, ಆ ವಾರ ಅವರ ಮನೆಯಲ್ಲೇ ಬೈಠಕ್. ತಂದವರು ಹಪ್ಪಳ, ಉಪ್ಪಿನಕಾಯಿಯ ಪೊಟ್ಟಣಗಳ ನಡುವಿನಿಂದ ಕ್ಯಾಸೆಟ್ಟುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುವರು. ಅವಲಕ್ಕಿ, ಚಹಾ. ಮೊದಲು ಹೊಸದರ ಎ ಬದಿ ಪೂರ್ತಿ ಕೇಳಬೇಕು, ನಡುವೆ ಮಾತಿಲ್ಲ. ತಿರುಗಿಸಿ ಹಾಕುವ ಮಧ್ಯೆ ಅಭಿಪ್ರಾಯ. ಇದು ಯಾರೂ ಬರೆಯದ ನಿಯಮ.

ಅಭಿಪ್ರಾಯವೆಂದರೆ ಬರೀ ಹರಟೆಯಲ್ಲ, ಅದಕ್ಕೆ ಫಲವಿತ್ತು. ಕನ್ನಡ ಕ್ಯಾಸೆಟ್ ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ದುರ್ಲಭ. ಹಿಂದಿ, ಮಲಯಾಳಂ ರಾಶಿ ಬಿದ್ದಿರುತ್ತಿತ್ತು, ಕನ್ನಡ ಕೇಳಿದರೆ ಅಂಗಡಿಯವನು ತಲೆಯಾಡಿಸುವನು. ಊರಿಂದ ಬಂದ ಒಂದೇ ಪ್ರತಿ ಎಲ್ಲ ಮನೆಗೂ ಹೋಗಬೇಕು. ಖಾಲಿ ಟೇಪಿಗೆ ದುಡ್ಡು ಕೊಡಬೇಕು, ಪ್ರತಿ ತೆಗೆಯಲು ಒಂದು ಗಂಟೆ ಬೇಕು. ಆದ್ದರಿಂದ ಆ ಗುರುವಾರದ ಕೂಟದಲ್ಲಿ "ಸಾಲದು" ಎನಿಸಿಕೊಂಡದ್ದು ಅಲ್ಲೇ ನಿಂತಿತು. "ಇದು ಬೇಕು" ಎನಿಸಿಕೊಂಡದ್ದು ಸೋಹಾರಿಗೆ, ನಿಜ್ವಾಕ್ಕೆ, ಸಾವಿರ ಕಿಲೋಮೀಟರು ಆಚೆಯ ಸಲಾಲಾಕ್ಕೆ ಲಾರಿಯವರ ಕೈಯಲ್ಲೋ, ವರ್ಗವಾಗಿ ಹೋಗುವ ನರ್ಸಮ್ಮನವರ ಪೆಟ್ಟಿಗೆಯಲ್ಲೋ ಹೋಯಿತು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಹಿನ್ನೆಲೆಯ ಉಸ್ಸೆಂಬ ಸದ್ದು ಹೆಚ್ಚುತ್ತದೆ. ಸಲಾಲಾ ತಲುಪುವಷ್ಟರಲ್ಲಿ ಅನಂತಸ್ವಾಮಿಯವರಿಗೆ ನೆಗಡಿಯಾಗಿರುತ್ತಿತ್ತು ಎಂದು ಅಲ್ಲಿದ್ದವರು ನಗುತ್ತಾರೆ.

ಈ ಕೂಟಗಳಲ್ಲಿ ಹೆಚ್ಚು ಕಾಲ ನಡೆದ ವಾದ ಯಾವುದೆಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಟ್ಟರು: ಅನಂತಸ್ವಾಮಿಯೋ, ಅಶ್ವಥ್ಥೋ? ಅನಂತಸ್ವಾಮಿ ಪಕ್ಷದವರ ಮಾತು ಹೀಗೆ. ಅವರ ಸಂಗೀತದಲ್ಲಿ ಪದ ಮುಂದೆ ನಡೆಯುತ್ತದೆ, ರಾಗ ಹಿಂದೆ ಕೊಡೆ ಹಿಡಿದು ಬರುತ್ತದೆ. ಒಂದು ಅಕ್ಷರವೂ ನುಂಗಿಹೋಗುವುದಿಲ್ಲ, ಮಕ್ಕಳೂ ಎರಡನೆಯ ಸಲ ಕೇಳುವಾಗ ಜೊತೆಗೆ ಹಾಡುತ್ತವೆ. ಅಶ್ವಥ್ ಪಕ್ಷದವರು ಬಿಡುವರೇ? "ಅದು ಪಾಠ ಒಪ್ಪಿಸಿದ ಹಾಗಾಯ್ತು ರಾಯರೇ, ಹಾಡು ಎಲ್ಲಿ?" ಎನ್ನುವರು. ಅಶ್ವಥ್ ರಂಗಭೂಮಿಯಿಂದ ಬಂದವರು. ಶಿಶುನಾಳ ಶರೀಫರ ಪದವನ್ನು ಅವರು ಎತ್ತಿಕೊಂಡರೆ ಮನೆಯ ಗೋಡೆ ಸಣ್ಣದಾಗುತ್ತಿತ್ತು. ಧಾರವಾಡದ ಕಡೆಯ ಒಬ್ಬ ಮೇಷ್ಟ್ರು ಮಾತ್ರ ಎರಡೂ ಪಕ್ಷ ಸೇರದೆ, "ನೀವು ಕಾಳಿಂಗರಾಯರನ್ನ ಕೇಳಿಲ್ಲರೀ, ಅದಕ್ಕ ಹಿಂಗ ಮಾತಾಡ್ತೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ. ಅದಕ್ಕೆ ಮಂಗಳೂರಿನ ಒಬ್ಬರು, "ನಿಮ್ಮ ರಾಯರು ನಮ್ಮ ಕಡೆಯವರೇ ಅಲ್ವಾ ಮಾರಾಯ್ರೆ!" ಎಂದರೆ ಅಲ್ಲಿಗೆ ವಾದ ಬೇರೆ ದಾರಿ ಹಿಡಿಯುತ್ತಿತ್ತು.

ಇದನ್ನು ಮನೆಯ ಹರಟೆ ಎಂದು ತಳ್ಳಿಹಾಕುವವರು ಒಂದು ಮಾತು ನೆನಪಿಡಬೇಕು. ಕುವೆಂಪು ಅವರ ನಾಡಗೀತೆಯನ್ನು ಸರ್ಕಾರ 2004ರಲ್ಲಿ ಅಧಿಕೃತಗೊಳಿಸಿತು. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು ಎಂಬ ಪ್ರಶ್ನೆ ಬಂದಾಗ ಎದುರುಬದುರು ನಿಂತದ್ದು ಇದೇ ಎರಡು ಹೆಸರು. ಸಮಿತಿಗಳಾದವು, ಪತ್ರಿಕೆಗಳಲ್ಲಿ ಪತ್ರಗಳಾದವು. ಕೊನೆಗೆ 2022ರಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಆದೇಶವಾಯಿತು. ಆಮೇಲೂ ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅಷ್ಟು ಹೊತ್ತಿಗೆ ವಾದದ ನಾಯಕರಿಬ್ಬರೂ ಇರಲಿಲ್ಲ. ಅನಂತಸ್ವಾಮಿ 1995ರಲ್ಲಿ, ಅಶ್ವಥ್ 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಹೊರಟುಹೋಗಿದ್ದರು. ನ್ಯಾಯಾಲಯದ ಮುಂದೆ ಬಂದ ಪ್ರಶ್ನೆಯನ್ನು ರೂವಿಯ ಎರಡು ಕೋಣೆಯ ಫ್ಲಾಟುಗಳಲ್ಲಿ ಅವಲಕ್ಕಿ ತಿನ್ನುತ್ತ ನಮ್ಮವರು ಎಷ್ಟೋ ವರ್ಷ ಮೊದಲೇ ಚರ್ಚಿಸಿದ್ದರು. ತೀರ್ಪು ಅಲ್ಲೂ ಆಗಿರಲಿಲ್ಲ.

ಭಾವಗೀತೆಯ ಮಾತೇ ಹೆಚ್ಚಾಯಿತು, ಕರಾವಳಿಯವರು ಮುನಿಸಿಕೊಂಡಾರು. ಅವರ ಕೋಣೆಗಳಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳದ್ದೇ ರಾಜ್ಯ. ಕಾಳಿಂಗ ನಾವಡರ ಭಾಗವತಿಕೆ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ. ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡಾಗ ಇಲ್ಲಿ ಕೆಲವರು ಆ ವಾರವಿಡೀ ಅವರ ಟೇಪುಗಳನ್ನೇ ಕೇಳಿದರಂತೆ. ವಿದ್ಯಾಭೂಷಣರ ದಾಸರ ಪದಗಳು ಬೆಳಿಗ್ಗೆ ಆರಕ್ಕೆ, ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ ಮುಗಿದ ಕೂಡಲೇ. 1997ರಲ್ಲಿ ಅವರು ಮಠದ ಪೀಠ ಬಿಟ್ಟಾಗ ವಾರಗಟ್ಟಲೆ ಚರ್ಚೆ ನಡೆಯಿತು, ಆದರೆ ಕ್ಯಾಸೆಟ್ ಮಾತ್ರ ಒಂದು ಬೆಳಿಗ್ಗೆಯೂ ನಿಲ್ಲಲಿಲ್ಲ ಎಂದು ಒಬ್ಬ ಅಕ್ಕ ನನಗೆ ಹೇಳಿದರು. ಇನ್ನು ಸಿನಿಮಾ. 1987ರ 'ಪ್ರೇಮಲೋಕ' ಬಂದಾಗ ಹಿರಿಯರು "ಇದು ಗದ್ದಲ" ಎಂದರು, ಹುಡುಗರು ಟೇಪು ಸವೆಯುವವರೆಗೆ ಕೇಳಿದರು. ಆ ಹುಡುಗರೇ ಈಗ ನಮ್ಮ ಸಮಿತಿಯಲ್ಲಿ ಕೂತು, ತಮ್ಮ ಮಕ್ಕಳು ಕೇಳುವುದನ್ನು ಗದ್ದಲ ಎನ್ನುತ್ತಿದ್ದಾರೆ. ಹೆಸರು ಹೇಳುವುದಿಲ್ಲ.

ಪ್ರತಿ ತೆಗೆಯುವ ವಿಷಯದಲ್ಲಿ ಒಂದು ಮಾತು. ಎಂಬತ್ತರ ದಶಕದಲ್ಲಿ ಕೊಲ್ಲಿಯುದ್ದಕ್ಕೂ ನಕಲಿ ಕ್ಯಾಸೆಟ್ಟುಗಳ ದೊಡ್ಡ ವ್ಯಾಪಾರವೇ ನಡೆಯುತ್ತಿತ್ತು. ಅದು ನಿಂತದ್ದು ಕಾನೂನು ಬಂದ ಮೇಲೆ. ಎಮಿರೇಟ್ಸ್ 1992ರಲ್ಲಿ, ಒಮಾನ್ 1996ರಲ್ಲಿ ಕೃತಿಸ್ವಾಮ್ಯದ ಕಾನೂನು ತಂದವು. 2000ದಲ್ಲಿ ಒಮಾನ್ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಬಿಗಿ ಇನ್ನೂ ಹೆಚ್ಚಿತು. ಮನೆಯಲ್ಲಿ ಪ್ರತಿ ತೆಗೆಯುವುದು ಆ ವ್ಯಾಪಾರದ ಹಾಗಲ್ಲ ಎನ್ನುವವರಿದ್ದಾರೆ. ಒಂದು ಅರ್ಥದಲ್ಲಿ ಹೌದು, ಅಂಗಡಿಯೇ ಇಲ್ಲದ ಕಡೆ ಕನ್ನಡ ತಲುಪಿದ್ದು ಹಾಗೆಯೇ. ಆದರೂ ಸಂಗೀತಾ, ಲಹರಿ ಮುಂತಾದ ಕಂಪೆನಿಗಳು ಸಣ್ಣ ಮಾರುಕಟ್ಟೆಯನ್ನು ನಂಬಿ ಭಾವಗೀತೆಗೆ ಹಣ ಹಾಕಿದವು. ನಿಜ್ವಾದಲ್ಲಿ ಕೇಳಿದ ನಾಲ್ಕನೆಯ ಪ್ರತಿಯಿಂದ ಕವಿಗೂ ಗಾಯಕರಿಗೂ ಚಿಕ್ಕಾಸು ಹೋಗಲಿಲ್ಲ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಬರೆದಿಡಬೇಕು.

2000ದ ನಂತರ ಸಿ.ಡಿ. ಬಂತು, ಅದರ ಬೆನ್ನಿಗೇ ಒಂದು ಸಿ.ಡಿ.ಯಲ್ಲಿ ನೂರಾರು ಹಾಡು ತುಂಬುವ ಎಂ.ಪಿ.3 ಬಂತು. ನೂರು ಹಾಡನ್ನು ಯಾರು ಒಟ್ಟಿಗೆ ಕೂತು ಕೇಳುತ್ತಾರೆ? ಎ ಬದಿ ಮುಗಿದಾಗ ಎದ್ದು ತಿರುಗಿಸುವ ಬಿಡುವೂ ಹೋಯಿತು, ಅದರ ಜೊತೆ ಮಾತೂ ಹೋಯಿತು. ಗುರುವಾರದ ಕೂಟ ಒಂದೊಂದೇ ಮನೆಯಲ್ಲಿ ನಿಂತಿತು. ಇಂತಹ ದಿನ ನಿಂತಿತೆಂದು ಯಾರಿಗೂ ನೆನಪಿಲ್ಲ. 2007ರ ಜೂನಿನಲ್ಲಿ ಗೋನು ಚಂಡಮಾರುತ ಬಂದಾಗ ತಗ್ಗಿನ ಮನೆಗಳಿಗೆ ಕೆಸರು ನೀರು ನುಗ್ಗಿ, ಕೆಳಗಿನ ಕಪಾಟುಗಳಲ್ಲಿದ್ದ ಎಷ್ಟೋ ಸಂಗ್ರಹಗಳು ಹೋದವು. ಜನ ಪಾಸ್‌ಪೋರ್ಟ್, ಮಕ್ಕಳ ಸರ್ಟಿಫಿಕೇಟು ಒಣಗಿಸಿದರು. ಕ್ಯಾಸೆಟ್ ಒಣಗಿಸಿದವರು ಕಡಿಮೆ. ಅದು ಸಹಜ.

ಉಳಿದವು ಈಗ ಬೇರೆ ಅಪಾಯದಲ್ಲಿವೆ. ಇಲ್ಲಿ ನಮ್ಮ ವಾಸ ಕೆಲಸಕ್ಕೆ ಕಟ್ಟಿಕೊಂಡದ್ದು. ಕೆಲಸ ಮುಗಿದರೆ ಮೂವತ್ತು ವರ್ಷದ ಸಂಸಾರವನ್ನು ನಾಲ್ಕು ಪೆಟ್ಟಿಗೆಗೆ ತುಂಬಿ ಹೊರಡಬೇಕು. ಕ್ಯಾಸೆಟ್ ಪೆಟ್ಟಿಗೆ ಸೇರುವುದಿಲ್ಲ. "ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ" ಎನ್ನುತ್ತಾರೆ. ಹಾಡು ಸಿಗುತ್ತದೆ, ಒಪ್ಪಿದೆ. ಆದರೆ ನಾನು ಹೇಳುತ್ತಿರುವುದು ಹಾಡಿನ ವಿಷಯವಲ್ಲ. ನಮ್ಮವರು ಪ್ರತಿ ತೆಗೆದ ಟೇಪಿನ ಡಬ್ಬಿಯೊಳಗಿನ ಕಾಗದದ ಮೇಲೆ ಹಾಡುಗಳ ಪಟ್ಟಿ ಬರೆಯುತ್ತಿದ್ದರು. ಪಟ್ಟಿಯ ಪಕ್ಕದಲ್ಲಿ ಗುರುತು, ಕೆಲವೊಮ್ಮೆ ಒಂದು ಸಾಲಿನ ಷರಾ. ಸುತ್ತಾಡಿ ಬಂದ ಕ್ಯಾಸೆಟ್ಟಿನಲ್ಲಿ ಎರಡು ಮೂರು ಕೈಬರಹ ಇರುತ್ತವೆ. ಮಸ್ಕತ್ತಿನ ಕನ್ನಡಿಗರು ಏನು ಮೆಚ್ಚಿದರು, ಏನು ಮೆಚ್ಚಲಿಲ್ಲ ಎಂಬುದಕ್ಕೆ ಇರುವ ದಾಖಲೆ ಅದೊಂದೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮನೆ ಖಾಲಿ ಮಾಡುವ ಮುನ್ನ ಆ ಡಬ್ಬಿಗಳನ್ನು ಕಸಕ್ಕೆ ಹಾಕಬೇಡಿ, ಗ್ರಂಥಾಲಯದ ಕಪಾಟಿಗೆ ತಂದು ಕೊಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ನುಡಿಸಲು ಹೋಗಬೇಡಿ, ಯಂತ್ರದ ಹೆಡ್ಡೂ ಕೆಡುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಅರ್ಧ ಗಂಟೆಯೂ ಇಡಬೇಡಿ, ಡಬ್ಬಿ ಸೊಟ್ಟಗಾಗುತ್ತದೆ. ತೊಂಬತ್ತು ನಿಮಿಷದವನ್ನು, ಅದಕ್ಕೂ ತೆಳುವಾದ ನೂರಿಪ್ಪತ್ತರವನ್ನು ವೇಗವಾಗಿ ಸುತ್ತಿಸಬೇಡಿ, ಪೆನ್ಸಿಲ್ ಹಾಕಿ ಕೈಯಲ್ಲೇ ಸುತ್ತಿ. ಹಿಂಬದಿಯ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳನ್ನು ಮುರಿದರೆ ಮೇಲೆ ಬೇರೇನೂ ಮುದ್ರಣವಾಗುವುದಿಲ್ಲ. ಮಕ್ಕಳಿರುವ ಮನೆಯವರು ಮೊದಲು ಅದನ್ನು ಮಾಡಿ.

ಕೆಲಸ ಶುರುವಾಗಿದೆ. 2020ರಲ್ಲಿ, ಕೊರೋನಾ ಕಾಲದ ವಿಶೇಷ ವಿಮಾನದಲ್ಲಿ ಕುಂದಾಪುರದ ಕಡೆಗೆ ಹೊರಟ ಒಬ್ಬ ಹಿರಿಯರು ಎರಡು ರಟ್ಟಿನ ಪೆಟ್ಟಿಗೆಗಳನ್ನು ನನ್ನ ಬಳಿ ಬಿಟ್ಟುಹೋದರು. ನೂರಾ ನಲವತ್ತು ಕ್ಯಾಸೆಟ್ಟುಗಳು. ಅವುಗಳಲ್ಲಿ ನೂರಹನ್ನೊಂದು ಇನ್ನೂ ನುಡಿಯುತ್ತವೆ, ಕಾಗದಗಳನ್ನೆಲ್ಲ ಫೋಟೋ ತೆಗೆದಿದ್ದೇನೆ. 'ಮೈಸೂರು ಮಲ್ಲಿಗೆ'ಯ ಒಂದು ಪ್ರತಿಯಲ್ಲಿ ಬಿ ಬದಿಯ ಮೂರನೆಯ ಹಾಡಿನ ಪಕ್ಕ ನೀಲಿ ಶಾಯಿಯಲ್ಲಿ "ತಬಲಾ ಜಾಸ್ತಿಯಾಯಿತು" ಎಂದಿದೆ. ಅದರ ಕೆಳಗೆ ಬೇರೆ ಯಾರದೋ ದುಂಡು ಅಕ್ಷರ, ಹೆಂಗಸರ ಬರಹದ ಹಾಗೆ ಕಾಣುತ್ತದೆ: "ಇಲ್ಲ, ಸರಿಯಾಗಿದೆ. ಮತ್ತೊಮ್ಮೆ ಕೇಳಿ ನೋಡಿ." ಯಾರ ಕೈಬರಹವೆಂದು ಗುರುತು ಹಿಡಿಯಬಲ್ಲವರು ಮುಂದಿನ ಸಭೆಯಲ್ಲಿ ನನ್ನನ್ನು ಕಾಣಿ, ಕಾಗದ ಜೇಬಿನಲ್ಲೇ ಇರುತ್ತದೆ.